ಬೇಯಿಸದ ಮಡಿಲಕ್ಕಿ

ಬಾಳೂರು, ಮೂಡಿಗೆರೆ ತಾಲ್ಲೂಕು
೨ ಮಾರ್ಚ್ ೧೯೯೯

ಪ್ರೀತಿಯ ಗುಲಾಬಕ್ಕನಿಗೆ,

ಮಂಗಳಾ ಮಾಡುವ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು, ಭಾವ, ಸೊಸೆ ಸುಕನ್ಯಾ, ಅವಳ ಕೂಸು ಎಲ್ಲರೂ ಸೌಖ್ಯ ಎಂದು ನಿನ್ನ ಪತ್ರದಿಂದ ತಿಳಿಯಿತು. ಆ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೈಯಬೇಡ. ಬೈದರೂ ಸರಿ, ನಿನ್ನ ಬೈಗುಳ ಕೇಳಿ ನಾಲ್ಕು ತಿಂಗಳಾಯಿತು. ರೋಬಸ್ಟಾ ಕೊಯ್ಲಿನಲ್ಲಿ ಪುರಸೊತ್ತಾಗಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯ, ಯಾಕೆಂದರೆ ಕಾಫಿಯಲ್ಲಿ ಎಷ್ಟು ಜಾತಿ, ಯಾವುದನ್ನು ಯಾವಾಗ ಕೊಯ್ಯುತ್ತಾರೆ ಎಂಬುದು ನಿನಗೆ ಗೊತ್ತಿಲ್ಲ. ಕೊಯ್ಲು ಮುಗಿದು ವಾರವಾಗಿದೆ. ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ, ಅಷ್ಟೇ.

ಮೊದಲು ಇಲ್ಲಿಯ ಸುದ್ದಿ. ರಾಜೀವಣ್ಣ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಮೆಣಸು ಕೊಯ್ಯುವ ಏಣಿ ಗಟ್ಟಿಯಿದೆಯೇ ಎಂದು ನೋಡಲು ತಾನೇ ಹತ್ತಿದನಂತೆ. ಗಟ್ಟಿಯಿರಲಿಲ್ಲ. ಸೊಂಟದ ಮೂಳೆಗೆ ಹಾಕಿದ ರಾಡು ಸರಿಯಾಗಿ ಕೂತಿದೆ ಎಂದು ಡಾಕ್ಟರು ಹೇಳಿದ್ದಾರೆ. ಮಲಗಿದಲ್ಲಿಂದಲೇ ಎಲ್ಲರನ್ನೂ ಗದರಿಸುವಷ್ಟು ಚೇತರಿಸಿಕೊಂಡಿದ್ದಾನೆ. ಅವನು ಬಿದ್ದದ್ದಕ್ಕೇ ಅಲ್ಲವೇ ನಾನು ದೀಪಾವಳಿ ಮುಗಿಸಿ, ಆಮೆಗಳು ಮೊಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ, ಕಡಲ ಬದಿಯ ನಿಮ್ಮನ್ನೆಲ್ಲ ಬಿಟ್ಟು ಘಟ್ಟ ಹತ್ತಿ ಈ ತೌರಿಗೆ ಬಂದದ್ದು. ಕಾಫಿ ಹಣ್ಣಾಗುವುದೂ ಆಗಲೇ. ಎರಡಕ್ಕೂ ಒಂದೇ ಕಾಲವಾದ್ದರಿಂದ ಹನ್ನೆರಡು ವರ್ಷ ನಾನು ಈ ಮನೆಯ ಕೊಯ್ಲು ನೋಡಿರಲಿಲ್ಲ. ಈ ವರ್ಷ ನಿಂತು ಮಾಡಿಸಿದೆ.

ಅತ್ತಿಗೆ ಗಿರಿಜಾಂಬಾ ಮೊನ್ನೆ ಬೀನ್ಸ್ ನಾರು ತೆಗೆಯುತ್ತಾ ಕೇಳಿದರು. “ಅಲ್ಲ ಮಂಗಳಾ, ಇಷ್ಟು ವರ್ಷ ನೀನು ಅಲ್ಲಿ ಮಾಡಿದ್ದಾದ್ರೂ ಏನು? ಆಮೆ ತಾನೇ ಬಂದು ಮೊಟ್ಟೆ ಇಡುತ್ತೆ, ತಾನೇ ಹೋಗುತ್ತೆ. ಮರಿನೂ ತಾನೇ ಎದ್ದು ಬರುತ್ತೆ.” ಕಡಲ ಜೀವಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವಳು ಪುಸ್ತಕದ ಮಾತು ಬದಿಗಿಟ್ಟೆ. ನಮ್ಮ ಮೊದಲ ವರ್ಷದ ಕಥೆ ಹೇಳಿದೆ.

ನೆನಪಿದೆಯೇ? ನಾನು ತೋಟದ ಮನೆಯವಳು. ಕಾಯಬೇಕಾದದ್ದಕ್ಕೆಲ್ಲ ಬೇಲಿ ಹಾಕುವುದು ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. ಮೊಟ್ಟೆಯಿಟ್ಟ ಕಡೆಯಲ್ಲೆಲ್ಲ ಗೂಟ ನೆಟ್ಟು, ತಂತಿ ಎಳೆದು, ಬೋರ್ಡು ಹಾಕಿದೆ. ವಾರದೊಳಗೆ ಗೂಟಗಳು ಯಾರದೋ ಒಲೆಗೆ ಹೋದವು, ಮೊಟ್ಟೆಗಳು ಸಂತೆಗೆ. ನಾನು ಅಳುಮೋರೆ ಹಾಕಿಕೊಂಡು ನಿಂತಿದ್ದರೆ, ಒಣಮೀನು ತಿರುವಿ ಹಾಕುತ್ತಿದ್ದ ನೀನು ತಲೆ ಎತ್ತದೆ ಹೇಳಿದೆ: “ಬೇಲಿ ಹಾಕಿರೆ ಒಳಗೆ ಎಂತದೋ ಇತ್ತ್ ಅಂತ ಊರಿಗೇ ಗೊತ್ತಾತ್ತಲ್ದಾ.” ನಿನ್ನ ಮನೆಯ ಮೂಲೆಯ ಕೋಣೆ ನನಗೆ ಬಾಡಿಗೆಗೆ ಸಿಕ್ಕಿದ್ದು ಅದರ ಮರುದಿನ.

ಆ ಇಡೀ ವರ್ಷ ಆಮೆಯ ಸುದ್ದಿಯನ್ನೇ ಎತ್ತದೆ ನಿಮ್ಮ ಜೊತೆ ಕೂತು ಬಲೆ ಹೊಲಿದೆ. ಒಂದು ಸಂಜೆ ಮಾತಿಗೆ ಮಾತು ಬಂದು, ತಾನು ಹುಟ್ಟಿದ ಕಡಲತೀರದ ಕಡೆಗೇ ಆಮೆ ಮೊಟ್ಟೆಯಿಡಲು ಮರಳುತ್ತದೆ ಎಂದೆ. ನಿನ್ನ ಸೂಜಿ ನಿಂತಿತು. “ಹಾಂಗಾರೆ ಇದ್ ತೌರುಮನಿಗೆ ಬಪ್ಪುದಾ?” ಎಂದು ನೀನು ಕೇಳಿದೆ. ಬೆಳಗಾಗುವುದರೊಳಗೆ ಆ ಮಾತು ಕೇರಿಯೆಲ್ಲ ಸುತ್ತಿತ್ತು. ಮೊಟ್ಟೆ ಮಾರುತ್ತಿದ್ದ ನಿನ್ನ ಮೈದುನ ಶೀನನನ್ನು ನೀನೇ ಹಿಡಿದು ನಿಲ್ಲಿಸಿ, “ಹೆರೂಕೆ ಬಂದ ಮಗಳ ಮೊಟ್ಟಿ ತಿಂಬುದಾ?” ಎಂದು ಎಲ್ಲರೆದುರು ಕೇಳಿದೆ. ಅವನು ಮೂರು ದಿನ ನಿನ್ನ ಮನೆಯ ನೀರು ಮುಟ್ಟಲಿಲ್ಲ.

ಯಾರ ಮನೆಯೆದುರು ಗೂಡೋ ಬಾಣಂತನ ಆ ಮನೆಯವರದ್ದು ಎಂಬ ನೇಮ ಆಮೇಲೆ ಬಂತು. ಮರಿಗಳು ಬೆಳಕಿಗೆ ದಾರಿ ತಪ್ಪದಂತೆ ಜಗಲಿಯ ದೀಪ ಆರಿಸುವುದು, ನಾಯಿ ಕಟ್ಟುವುದು, ಮರಿಗಳು ನೀರು ಸೇರಿದ ದಿನ ಪಂಚಕಜ್ಜಾಯ ಹಂಚುವುದು. ಗೂಡು ನಮ್ಮದು, ನಿಮ್ಮದಲ್ಲ ಎಂದು ಎರಡು ಮನೆಯವರು ಜಗಳಕ್ಕೆ ನಿಂತಾಗ ಶೀನನೇ ಹಗ್ಗ ಹಿಡಿದು ಅಳೆದು ಪಂಚಾಯ್ತಿ ಮಾಡಿದ. ಕಳ್ಳನ ಕೈಗೆ ಬೀಗದಕೈ ಕೊಟ್ಟಿರಿ ಎಂದು, ಆಮೆ ಕಾಯಲು ನನ್ನನ್ನು ಕಳಿಸಿದ ನಮ್ಮ ಸಂಸ್ಥೆಯವರು ನಕ್ಕರು. ಅತ್ತಿಗೆಗೆ ಇದೆಲ್ಲ ಹೇಳಿದಾಗ ಅವರು “ಅಂದ್ರೆ ಕೆಲಸ ಎಲ್ಲಾ ಅವ್ರೇ ಮಾಡಿದ್ರು ಅನ್ನು” ಎಂದರು. ಹೌದು ಎಂದೆ.

ಈಗ ನಾನು ಇಲ್ಲಿ ಏನು ಮಾಡಿದೆ ಎಂದು ಕೇಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನಮ್ಮಲ್ಲಿದೆ. ಅದನ್ನು ತೊಳೆದ ನೀರು ಹುಳಿ ಹಿಡಿದು ನಾರುತ್ತದೆ. ಅಜ್ಜನ ಕಾಲದಿಂದಲೂ ಅದು ಹೋಗುವುದು ಕೆಳಗಿನ ಹಳ್ಳಕ್ಕೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಹಳ್ಳದ ಗುಂಡಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೂಲಿಯವರ ಲೈನುಮನೆಗಳ ಹೆಂಗಸರು ಅಲ್ಲೇ ದಡದಲ್ಲಿ ಒರತೆ ತೋಡಿಕೊಂಡು ಕುಡಿಯುವ ನೀರು ತುಂಬುತ್ತಿದ್ದರು. ಸಿಟ್ಟು ಬಂತು. ಮನೆಗೆ ಬಂದು ಅಣ್ಣನಿಗೆ ಹೇಳಿದೆ. “ಸಮುದ್ರ ಕಾದಿದ್ದು ಸಾಕಾಗ್ಲಿಲ್ವಾ ಮಾರಾಯ್ತಿ, ಈಗ ಹಳ್ಳಕ್ಕೆ ಇಳಿದ್ಯಾ?” ಎಂದ. ಆದರೂ ಹ್ಞೂಂ ಅಂದ. ಮೇಸ್ತ್ರಿ ರುದ್ರಪ್ಪನನ್ನು ಕರೆದು, ನೀರು ಇಂಗಲು ದೊಡ್ಡ ಗುಂಡಿ ತೋಡಿ ಕಾಲುವೆಯನ್ನು ಆ ಕಡೆ ತಿರುಗಿಸಿ ಎಂದೆ. “ಆಯ್ತಮ್ಮ” ಎಂದ. ಎರಡೇ ದಿನದಲ್ಲಿ ಆಯಿತು. ನಿಮ್ಮಲ್ಲಿ ಒಂದು ದೀಪ ಆರಿಸಲು ಎರಡು ವರ್ಷ ಹಿಡಿದಿತ್ತು. ನನ್ನ ಊರೇ ವಾಸಿ ಎಂದುಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಎಕ್ಸರೇಗೆಂದು ಚಿಕ್ಕಮಗಳೂರಿಗೆ ಹೋಗಿ ಮೂರು ದಿನ ಬಿಟ್ಟು ಬಂದೆ. ಕಾಲುವೆ ಮತ್ತೆ ಹಳ್ಳಕ್ಕೇ ತಿರುಗಿತ್ತು. ಗುಂಡಿ ತುಂಬಿದರೆ ಕೆಸರೆತ್ತುವ ಕೆಲಸ ಇದೆಯಲ್ಲ, ಅದು ಯಾರಿಗೂ ಬೇಡ. ರುದ್ರಪ್ಪನನ್ನು ಕೇಳಿದೆ. ಮುಚ್ಚುಮರೆಯೇ ಇಲ್ಲ. “ನೀವು ಇರ್ಲಿಲ್ವಲ್ಲ ಅಮ್ಮ” ಎಂದ.

ಹಾಗಾದರೆ ನಿಮ್ಮಲ್ಲಿ ಮಾಡಿದ ಹಾಗೇ ಮಾಡೋಣ ಎಂದು ಲೈನಿಗೆ ಹೋದೆ. ಹುಚ್ಚಮ್ಮನ ಮನೆಯ ಮುಂದೆ ನಾಲ್ಕೈದು ಹೆಂಗಸರು ಕೂತು ಎಲೆಯಡಿಕೆ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. ಕೂತುಕೊಳ್ಳಿ ಎಂದೆ. ಕೂರಲಿಲ್ಲ. ನಾನೇ ನೆಲದ ಮೇಲೆ ಕೂತೆ. ಆಗ ಇನ್ನೂ ಗಾಬರಿಯಾಗಿ, ಹುಚ್ಚಮ್ಮ ಒಳಗಿನಿಂದ ಚಾಪೆ ತಂದು, “ಅಯ್ಯೋ ಏಳಿ ಅಮ್ಮ, ಯಾರಾದ್ರೂ ನೋಡಿದ್ರೆ ನಮಗೇ ಬೈತಾರೆ” ಎಂದಳು. ನೀರಿನ ವಿಷಯ ಕೇಳಿದರೆ, “ನೀವು ಹೆಂಗ್ ಹೇಳಿದ್ರೆ ಹಂಗೆ” ಎಂದರು. ನಾಲ್ಕು ಸಲ ಹೋದೆ. ನಾಲ್ಕು ಸಲವೂ ಎದ್ದು ನಿಂತರು. ಅವರನ್ನು ದೂರಿ ಏನು ಪ್ರಯೋಜನ? ನಾನು ಕೂಲಿ ಕೊಡುವ ಮನೆಯವಳು. ನಿಮ್ಮಲ್ಲಿ ನಾನು ಯಾರೂ ಅಲ್ಲದವಳಾಗಿದ್ದಕ್ಕೆ ಬಲೆ ಹೊಲಿಯಲು ಜಾಗ ಸಿಕ್ಕಿತ್ತು.

ಇಲ್ಲಿಗೆ ನಿಲ್ಲಿಸಬೇಕಾಗಿದೆ. ಮೋಡ ಕವಿದಿದೆ, ಕಣದಲ್ಲಿ ಹರಡಿದ ಕಾಫಿ ಎತ್ತಿಸಬೇಕು.

೩ ಮಾರ್ಚ್

ನಿನ್ನೆ ಹೂಮಳೆ ಬಂತು. ಇಲ್ಲಿಯವರಿಗೆ ವರ್ಷಕ್ಕೊಮ್ಮೆ ಬೀಳುವ ಈ ಮಳೆ ನಿಮಗೆ ಬಂಗುಡೆಯ ಹಿಂಡು ಬಂದ ಹಾಗೆ. ಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ, ಇಲ್ಲವಾದರೆ ಮುಂದಿನ ವರ್ಷದ ಬೆಳೆಯಿಲ್ಲ. ಅಣ್ಣ ಕೋಲೂರಿಕೊಂಡು ಜಗಲಿಗೆ ಬಂದು ನಿಂತ. ಮಳೆ ನಿಂತ ಮೇಲೆ ತಿಂಗಳ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳಿದ.

“ಇಲ್ಲೇ ಇದ್ಬಿಡು ಮಂಗಳಾ. ಹಳ್ಳದ ಆಚೆ ಅರ್ಧ ತೋಟ ನಿನ್ನ ಹೆಸರಿಗೆ ಮಾಡ್ತೀನಿ. ನನ್ನ ಕೈಲಿ ಇನ್ನು ಇಳಿಜಾರು ಹತ್ತಿ ಇಳಿಯಕ್ಕಾಗಲ್ಲ. ನೀನಿಲ್ಲದಿದ್ರೆ ಇಲ್ಲಿ ಏನೂ ನಡೆಯಲ್ಲ ಅಂತ ನೀನೇ ನೋಡಿದ್ಯಲ್ಲ.”

ಯುಗಾದಿಗೆ ಹೇಳುತ್ತೇನೆ ಎಂದೆ. ಹಬ್ಬಕ್ಕೆ ಇನ್ನು ಎರಡು ವಾರ. ಅಣ್ಣ ಕೆಟ್ಟವನಲ್ಲ. ನಾನು ಮದುವೆ ಬೇಡವೆಂದಾಗ ಅಪ್ಪನ ಎದುರು ನನ್ನ ಪರ ನಿಂತವನು ಅವನೊಬ್ಬನೇ. ಆಮೆ ಕಾಯಲು ಹೋಗುತ್ತಾಳಂತೆ ಎಂದು ನೆಂಟರು ಆಡಿಕೊಂಡಾಗ, “ಕಾಯ್ಲಿ ಬಿಡಿ, ನೀವು ಏನ್ ಕಾಯ್ತಿದ್ದೀರಿ?” ಎಂದವನು. ಅಂಥವನು ಕೈಯಲ್ಲಿ ಕೋಲು ಹಿಡಿದು ಕೇಳುವಾಗ ಇಲ್ಲ ಎನ್ನುವುದು ಸುಲಭವಲ್ಲ. ಇಲ್ಲ ಎನ್ನಲು ನನ್ನ ಹತ್ತಿರ ಕಾರಣವಾದರೂ ಇರಬೇಕು.

ಇನ್ನು ನಿನ್ನ ಪತ್ರ. ಒಂದು ಗೂಡೂ ಕೆಟ್ಟಿಲ್ಲ, ನಾಯಿ ಮುಟ್ಟಿಲ್ಲ, ಯಾರೂ ಅಗೆದಿಲ್ಲ ಎಂದು ಸುಕನ್ಯಾಳ ಕೈಲಿ ಬರೆಸಿದ್ದೀಯ. ಬಲೆಗೆ ಸಿಕ್ಕ ದೊಡ್ಡ ಆಮೆಯೊಂದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು ನೀರಿಗೆ ಬಿಟ್ಟರಂತೆ. ಶೀನ ಪಕ್ಕದ ಊರಿನವರಿಗೂ ಬಾಣಂತನ ಕಲಿಸಲು ಹೋಗುತ್ತಿದ್ದಾನಂತೆ. ಕೊನೆಗೆ, “ನೀನ್ ಅಲ್ಲೇ ಆರಾಮಲ್ಲಿರ್, ಇಲ್ಲಿದ್ ಎಂತ ಚಿಂತೆ ಮಾಡ್ಬೇಡ” ಎಂದು ಬರೆಸಿದ್ದೀಯ. ಓದಿ ಸಂತೋಷವಾಯಿತು. ನಮ್ಮ ಸಂಸ್ಥೆಗೆ ವರದಿ ಕಳಿಸಿದ್ದೇನೆ. ಇಷ್ಟು ಒಳ್ಳೆಯ ವರ್ಷ ಯಾವುದೂ ಇರಲಿಲ್ಲವೆಂದು ಅವರೂ ಬರೆದಿದ್ದಾರೆ.

ಇನ್ನೊಂದು ಚಿಕ್ಕ ವಿಷಯ. ನಾನು ಹೊರಟ ದಿನ ನೀನು ಅಕ್ಕಿ, ಕಾಯಿ, ಅರಿಶಿನದ ಕೊಂಬು, ರವಿಕೆ ಕಣ ಹಾಕಿ ಮಡಿಲು ತುಂಬಿದೆಯಲ್ಲ? ಮದುವೆಯಾಗದವರಿಗೆ ಮಡಿಲು ತುಂಬುತ್ತಾರಾ ಎಂದು ಸುಕನ್ಯಾ ಮೆಲ್ಲಗೆ ಕೇಳಿದ್ದಕ್ಕೆ, “ಗಂಡ ಇದ್ರ್ ಮಾತ್ರ ಮಗಳಾ? ಸುಮ್ನಿರ್” ಎಂದು ಗದರಿದ್ದೆ. ಆ ಅಕ್ಕಿಯ ಗಂಟು ಅತ್ತಿಗೆಯ ಕಣ್ಣಿಗೆ ಬಿದ್ದಿದೆ. ಮಡಿಲಕ್ಕಿಯನ್ನು ಹಾಗೆಲ್ಲ ಇಟ್ಟುಕೊಳ್ಳಬಾರದಂತೆ. ಸೇರಿದ ಮನೆಯಲ್ಲಿ ಪಾಯಸ ಮಾಡಿ ಉಣ್ಣಬೇಕಂತೆ, ಉಂಡವಳು ಆ ಮನೆಯಲ್ಲಿ ನೆಲೆ ನಿಂತ ಹಾಗಂತೆ. ಆಮೇಲೆ ಮಾಡೋಣ ಎಂದು ತಳ್ಳುತ್ತಾ ಬಂದಿದ್ದೇನೆ. ನುಸಿ ಹಿಡಿಯುತ್ತದೆ ಎಂದು ಅವರು ದಿನಾ ಹೇಳುತ್ತಾರೆ.

ಪಾರ್ಸೆಲ್ಲಿನಲ್ಲಿ ಎರಡು ಸೇರು ಕಾಫಿಪುಡಿ, ಸ್ವಲ್ಪ ಏಲಕ್ಕಿ ಕಳಿಸಿದ್ದೇನೆ. ಪುಡಿಯನ್ನು ಒಣಮೀನಿನ ಡಬ್ಬದ ಹತ್ತಿರ ಇಡಬೇಡ. ಭಾವನಿಗೆ ನಮಸ್ಕಾರ. ಶೀನನಿಗೆ, ಹಗ್ಗ ಹಳೆಯದಾಗಿದ್ದರೆ ಬದಲಾಯಿಸಲು ಹೇಳು. ಸುಕನ್ಯಾಳ ಕೂಸಿಗೆ ನನ್ನ ಮುತ್ತು. ಕಡಲು ನಿಮ್ಮೆಲ್ಲರನ್ನೂ ಹೋದ ಹಾಗೇ ಮರಳಿ ಮನೆಗೆ ಕಳಿಸುತ್ತಿರಲಿ.

ನಿನ್ನ
ಮಂಗಳಾ

ಮರೆತ ಮಾತು: ಇಲ್ಲಿಂದ ಮುಂದಿನದನ್ನು ಸುಕನ್ಯಾ ಓದಿ ಹೇಳುವುದು ಬೇಡ, ನೀನೇ ಓದು. ಅದಕ್ಕೇ ಬೇರೆ ಹಾಳೆಯಲ್ಲಿ, ಅಕ್ಷರ ದೊಡ್ಡದು ಮಾಡಿ ಬರೆದಿದ್ದೇನೆ. ನಿಧಾನವಾಗಿ ಕೂಡಿಸಿಕೊಂಡು ಓದು.

ಅಕ್ಕ, ಸಂತೋಷವಾಯಿತು ಎಂದು ಬರೆದೆನಲ್ಲ, ಅದು ಅರ್ಧ ನಿಜ. ನಾನಿಲ್ಲದ ದಿನವೂ ಇದು ನಡೆಯಬೇಕು ಎಂದು ನಿಮಗೆಲ್ಲ ಹೇಳಿದವಳು ನಾನೇ. ನಡೆದಿದೆ. ನನಗೆ ನೋವಾಗಿದೆ. ಮರಿಗಳು ನೀರಿಗಿಳಿಯುವಾಗ ಮಂಗಳಾ ಇರಬೇಕಿತ್ತು ಎಂದು ಒಬ್ಬರಾದರೂ ಅಂದರೇ? ಆ ಒಂದು ಮಾತಿಗಾಗಿ ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಇಲ್ಲ. ಮಡಿಲು ತುಂಬಿದ್ದು ಮಗಳು ತಿರುಗಿ ಬರಲಿ ಎಂದೇ ಎಂದು ನಾನು ತಿಳಿದಿದ್ದೆ. ಈಗ ಅದೂ ಗೊತ್ತಾಗುತ್ತಿಲ್ಲ.

ಗೂಡಿನ ಲೆಕ್ಕ ಒಂದು ತಪ್ಪಿದರೂ ನಿಮ್ಮ ಮೇಲೆ ಹಾರಾಡುತ್ತಿದ್ದವಳು ನಾನು. ಈಗ ನಾನೇ ಕೇಳುತ್ತಿದ್ದೇನೆ. ಒಂದು ಗೂಡು ಕೆಟ್ಟಿತು, ನೀನು ಬರಲೇಬೇಕು ಎಂದು ಒಂದು ಕಾರ್ಡು ಬರೆ. ಸುಳ್ಳಾದರೂ ಸರಿ. ಅದನ್ನು ಅಣ್ಣನಿಗೆ ತೋರಿಸಿ, ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿ ಘಾಟಿ ಇಳಿದುಬಿಡುತ್ತೇನೆ. ಯುಗಾದಿಯವರೆಗೆ ನೋಡುತ್ತೇನೆ. ಕಾರ್ಡು ಬರದಿದ್ದರೆ ಹಬ್ಬದ ದಿನ ಅತ್ತಿಗೆ ಆ ಅಕ್ಕಿಯಲ್ಲಿ ಪಾಯಸ ಮಾಡುತ್ತಾರೆ.