ವಿಮಾನದಲ್ಲಿ ಓದದೆ ಉಳಿದ ಅರವತ್ತು ಪುಟ

ಬೂಷ್ಟಿನ ತಿಂಗಳ ನಲವತ್ತಾರನೆಯ ದಿನ, ಕ್ರಿ.ಶ. 2312
ಮೇಲ್ದಿಬ್ಬ, ರಾಯಚೂರು ಸೀಮೆ

ವಿಮಾನದಲ್ಲಿ ಕೂತು ಪುಸ್ತಕ ಓದುತ್ತಿದ್ದ ಹಿರಿಯರಿಗೆ ಹೊಳೆವ್ವ ಮಾಡುವ ನಮಸ್ಕಾರ.

ನಿಮ್ಮ ತಿಂಗಳುಗಳಿಗೆ ಮೂವತ್ತೊಂದಕ್ಕಿಂತ ಹೆಚ್ಚು ದಿನ ಇರಲಿಲ್ಲವಂತೆ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ತಿಂಗಳು ಮುಗಿಯುವುದಿಲ್ಲ. ಹಾಗಾಗಿ ಈ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ನನ್ನ ಮಾತುಗಳೂ ಹಾಗೆಯೇ ಕಂಡರೆ ಮನ್ನಿಸಬೇಕು. ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಓದಿದವಳು. ದೊಡ್ಡವರ ಎದುರಿಗೆ ನಿಂತು ಮಾತಾಡುವುದು ನನ್ನಿಂದ ಆಗುವುದಿಲ್ಲ. ಬರೆಯುವುದು ಆದೀತು, ಏಕೆಂದರೆ ಬರೆಯುವಾಗ ನೀವು ನನ್ನ ಮುಖ ನೋಡುತ್ತಿರುವುದಿಲ್ಲ.

ಒಮ್ಮೆ ವಿಮಾನ ಹತ್ತಿ ಓದಿ ಬಂದವರು ಹಿರಿಯರಿಗೆ ಒಂದು ಕಾಗದ ಬರೆಯಬೇಕೆಂಬುದು ನಮ್ಮ ದಿಬ್ಬದ ರೂಢಿ. ಕಾಗದವೆಂದು ಕರೆದರೂ ಬರೆಯುವುದು ಹಸಿ ಹಂಚಿನ ಮೇಲೆ, ಮೊಳೆಯಿಂದ. ಆಮೇಲೆ ಅದನ್ನು ಆವಿಗೆಯಲ್ಲಿ ಸುಟ್ಟು ದಿಬ್ಬದ ಬುಡದಲ್ಲಿ ಹೂಳುತ್ತೇವೆ. ಅದು ನಿಮಗೆ ಹೇಗೆ ತಲುಪುತ್ತದೆ ಎಂದು ಯಾರೂ ಕೇಳುವುದಿಲ್ಲ. ಇದುವರೆಗೆ ಹೋಗಿ ಬಂದವರೆಲ್ಲ ನಿಮ್ಮ ಉಪಕಾರ ನೆನೆದು ಬರೆದಿದ್ದಾರೆ. ನಾನು ನನ್ನ ತಪ್ಪು ಬರೆಯುತ್ತಿದ್ದೇನೆ.

ಪುಸ್ತಕ ಓದಲು ವಿಮಾನ ಏಕೆ ಹತ್ತಬೇಕು ಎಂದು ನೀವು ಕೇಳಬಹುದು. ಇಲ್ಲಿ ಕೆಳಗೆ, ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ, ವರ್ಷಕ್ಕೆ ಹತ್ತು ತಿಂಗಳು ಮಳೆ. ಬಿಳಿ ಬೂಷ್ಟು ಎಂಬುದೊಂದು ಗೋಡೆ, ಬಟ್ಟೆ, ಮರ ಎಲ್ಲದರ ಮೇಲೂ ಕೂರುತ್ತದೆ. ಕಾಗದವನ್ನಂತೂ ಒಂದೇ ವಾರದಲ್ಲಿ ಮೊಸರಿನ ಹಾಗೆ ಮಾಡಿಬಿಡುತ್ತದೆ. ಮೋಡದ ಮೇಲಿನ ಗಾಳಿ ಒಣಗಿದ್ದು, ತಣ್ಣಗಿನದು. ಅಲ್ಲಿ ಮಾತ್ರ ಪುಸ್ತಕ ಉಳಿಯುತ್ತದೆ. ಆದ್ದರಿಂದ ನಿಮ್ಮ ಕಾಲದ ಪುಸ್ತಕಗಳೆಲ್ಲ ಈಗ ಓದುವಿಮಾನಗಳಲ್ಲಿವೆ. ಅವು ಬಿಸಿಲಿನಿಂದ ಹಾರುತ್ತವೆ, ನಿಧಾನವಾಗಿ ಹಾರುತ್ತವೆ. ಬೆಳಿಗ್ಗೆ ಹತ್ತಿಸಿಕೊಂಡು, ಒಂಬತ್ತು ತಾಸು ಸುತ್ತಿ, ಸಂಜೆ ಹತ್ತಿದ ಜಾಗಕ್ಕೇ ತಂದು ಇಳಿಸುತ್ತವೆ. ಒಂದು ಊರಿಗೆ ಹನ್ನೊಂದು ವರ್ಷಕ್ಕೊಮ್ಮೆ ಒಂದು ಸೀಟು ಸಿಗುತ್ತದೆ. ಅದಕ್ಕೆ ಓದುಪಾಳಿ ಎನ್ನುತ್ತೇವೆ. ಹೋಗಿ ಬಂದವರು ಊಟಕ್ಕೆ ಕೂರುವ ಮೊದಲೇ ಊರ ಮುಂದೆ ನಿಂತು, ಓದಿದ್ದನ್ನೆಲ್ಲ ಒಪ್ಪಿಸಬೇಕು. ಅವರು ಹೇಳಿದ್ದನ್ನು ಯಾರೂ ಅನುಮಾನಿಸುವ ಹಾಗಿಲ್ಲ. ಓದಿ ಬಂದವರ ಮಾತೇ ಪುಸ್ತಕ.

ಈ ಸಲದ ಪಾಳಿ ನಿಜವಾಗಿ ಕಾಶವ್ವನದು. ಆಕೆ ನಮ್ಮ ಹಂಚಿನ ಚಪ್ಪರದ ಹಿರಿಯಳು, ಮಣ್ಣು ಹದ ಮಾಡುವವಳು. ನಾವೆಲ್ಲ ಆಯಿ ಎಂದು ಕರೆಯುತ್ತೇವೆ. ಮೂವತ್ತಮೂರು ವರ್ಷದ ಹಿಂದೆ ಆಕೆ ಒಮ್ಮೆ ಹೋಗಿದ್ದಳು. ಅದು ಆಕೆಯ ತಾಯಿಯ ಸೀಟು. ಇಬ್ಬರು ಹೆಣ್ಣುಮಕ್ಕಳಲ್ಲಿ ತಾಯಿ ಅದನ್ನು ದೊಡ್ಡವಳಿಗೆ ಕೊಟ್ಟಳು. ಚಿಕ್ಕವಳಾದ ನೀಲವ್ವ ಅಂದೇ ಸಿಟ್ಟಾಗಿ ಮನೆ ಬಿಟ್ಟು, ದೋಣಿಯಲ್ಲಿ ಮೂರು ದಿನದ ದಾರಿಯ ಕೆಳದಿಬ್ಬಕ್ಕೆ ಹೋಗಿ ನೆಲೆಸಿದಳು. ಅಕ್ಕತಂಗಿಯರು ಅಂದಿನಿಂದ ಮಾತಾಡಿಲ್ಲ. ಕಾಶವ್ವ ಪ್ರತಿವರ್ಷ ಕೆಳದಿಬ್ಬಕ್ಕೆ ಮೊದಲ ದೋಣಿ ಹೊರಡುವ ಮುನ್ನ ಒಂದು ಗಂಟು ಕಟ್ಟುವುದನ್ನೂ, ದೋಣಿ ಹೋದ ಮೇಲೆ ಅದನ್ನು ಬಿಚ್ಚುವುದನ್ನೂ ದಿಬ್ಬದವರೆಲ್ಲ ನೋಡಿದ್ದರು.

ಆಗ ಕಾಶವ್ವ ಓದಿದ್ದು ಹಸಿರು ರಟ್ಟಿನ ಒಂದು ಪುಸ್ತಕ. ಅದರ ಮೊದಲ ಹಾಳೆ ಹರಿದುಹೋಗಿದ್ದರಿಂದ ಹೆಸರು ಗೊತ್ತಿಲ್ಲ. ಅದರಲ್ಲಿ ರತ್ನಾ ಎಂಬುವಳು ಅಣ್ಣನೊಡನೆ ಜಗಳವಾಡಿ ಹನ್ನೆರಡು ವರ್ಷ ದೂರವಿದ್ದು, ಕೊನೆಗೊಂದು ದಿನ ಅವನ ಮನೆಗೆ ಬರುತ್ತಾಳೆ. ಅಲ್ಲಿಗೆ ವಿಮಾನ ಇಳಿದಿತ್ತು. ಈಗ ಕಾಶವ್ವನಿಗೆ ಉಬ್ಬಸ, ಮೇಲಿನ ಗಾಳಿ ಆಗುವುದಿಲ್ಲ. ಅದಕ್ಕೆ ತನ್ನ ಸೀಟನ್ನು ನನಗೆ ಕೊಟ್ಟಳು. ಹಂಚಿನ ಮೇಲೆ ನನ್ನ ಅಕ್ಷರ ದುಂಡಗೆ ಬರುತ್ತವೆ ಎಂಬುದೊಂದೇ ಕಾರಣ.

"ನೋಡು ಬೇ, ನೂರಾ ಅರವತ್ತೆಂಟನೇ ಪುಟ," ಎಂದು ಹೊರಡುವ ದಿನ ಹೇಳಿದಳು. "ರತ್ನಾ ಕದದ ಮುಂದ ನಿಂತಾಳ. ಬಡಿಯಾಕ ಕೈ ಎತ್ಯಾಳ. ಮೂವತ್ತಮೂರು ವರ್ಷ ಆತು, ಆಕಿ ಕೈ ಇನ್ನೂ ಮ್ಯಾಲೇ ಐತಿ."

"ಪಾಪ, ಸೆಟೆದು ಹೋಗಿರತೈತಿ ಆಯಿ, ಎಣ್ಣಿ ಹಚ್ಚಬೇಕು," ಎಂದ ದೋಣಿಯ ದುರ್ಗಪ್ಪ.

"ನಿನ್ನ ಬಾಯಿಗೆ ಹಚ್ಚತೀನಿ ತಗೋ. ಹೊಳೆವ್ವಾ, ಉಳಿದದ್ದು ಓದದಿದ್ರೂ ಅಡ್ಡಿಲ್ಲ. ಕದ ತಗದನೋ ಇಲ್ಲೋ, ಅಷ್ಟು ನೋಡಕೊಂಡು ಬಾ."

ವಿಮಾನದಲ್ಲಿ, ಪುಟಕ್ಕೆ ತೇವ ತಾಗದಿರಲೆಂದು ಕೈಗವಸನ್ನೂ ಬಾಯಿಬಟ್ಟೆಯನ್ನೂ ಕೊಟ್ಟು, ಮಡಿಲ ಮೇಲೆ ಒಂದು ಒಣ ಹಲಗೆ ಇಟ್ಟರು. ಅದರ ಮೇಲೆ ಹಸಿರು ಪುಸ್ತಕ ಬಂತು. ನಮ್ಮ ಶಾಲೆಯಲ್ಲಿ ಒಂದು ಹಂಚನ್ನು ಬಿಟ್ಟು ಮುಂದಿನದನ್ನು ಓದಿದರೆ ಏಟು ಬೀಳುತ್ತದೆ. ಆ ಅಭ್ಯಾಸದಿಂದ ನಾನು ಮೊದಲ ಪುಟದಿಂದಲೇ ಶುರುಮಾಡಿದೆ. ಹೊತ್ತು ಸಾಲಲಿಲ್ಲ.

ಹಿರಿಯರೇ, ಈ ಮೇಲಿನ ಎರಡು ಸಾಲು ಸುಳ್ಳು. ಆ ಹಂಚು ನಿನ್ನೆಯೇ ಆವಿಗೆಗೆ ಹೋಗಿದೆ, ಈಗ ಅಳಿಸಲಾಗುವುದಿಲ್ಲ. ನಿಮಗೆ ಬರೆಯುವಾಗಲೂ ನಾನು ಹೀಗೆ ಮಾಡಿದೆ ಎಂದು ನಾಚಿಕೆಯಾಗುತ್ತದೆ. ನಿಜವನ್ನು ಈ ಹಂಚಿನ ಮೇಲೆ ಬರೆಯುತ್ತೇನೆ.

ನಾನು ನೂರಾ ಅರವತ್ತೆಂಟನೆಯ ಪುಟವನ್ನೇ ತೆರೆದೆ. ಅದು ಸೇರಿ ಉಳಿದಿದ್ದುದು ಅರವತ್ತಾರು ಪುಟ. ಅಚ್ಚಿನ ಅಕ್ಷರ ಇರುವೆಯಷ್ಟು ಸಣ್ಣವು, ಆದರೂ ಓದಲಾಗುತ್ತಿತ್ತು. ಆರು ಪುಟ ಓದಿದೆ. ಹೊರಗೆ ರತ್ನಾ ನಿಂತಿದ್ದಾಳೆ, ಒಳಗೆ ಅಣ್ಣ ದೀಪದ ಬತ್ತಿ ಸರಿಮಾಡುತ್ತಿದ್ದಾನೆ. ಅಷ್ಟು ಹೊತ್ತಿಗೆ ವಿಮಾನ ಮೋಡ ದಾಟಿತು. ಪುಟದ ಮೇಲೆ ಬೆಳಕು ಬಿತ್ತು, ನಾನು ತಲೆ ಎತ್ತಿದೆ.

ನನಗೆ ಇಪ್ಪತ್ತೆರಡು ವರ್ಷ. ಅಷ್ಟು ವರ್ಷದಲ್ಲಿ ಪೂರಾ ಸೂರ್ಯನನ್ನು ನೋಡಿದ್ದು ಎಣಿಸಿ ಹೇಳಬಹುದಾದಷ್ಟು ಸಲ. ಮೋಡಕ್ಕೆ ಮೇಲ್ಭಾಗವೊಂದು ಇದೆ, ಅದು ಬೆಳ್ಳಗಿದೆ, ಅದರ ಮೇಲೆ ನಮ್ಮ ವಿಮಾನದ ನೆರಳು ಒಂದು ಮೀನಿನಷ್ಟು ಸಣ್ಣದಾಗಿ ಈಜುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಕಡೆ ಮೋಡ ಹರಿದಿತ್ತು. ಅದರ ಕೆಳಗೆ ಹೊಳೆ, ಹೊಳೆಯಲ್ಲಿ ದಿಬ್ಬಗಳು. ಅವುಗಳಲ್ಲಿ ನಮ್ಮದು ಯಾವುದು ಎಂದು ಹುಡುಕುತ್ತ ಕೂತೆ. ಇನ್ನೊಂದು ಸ್ವಲ್ಪ ಹೊತ್ತು, ಆಮೇಲೆ ಓದೋಣ ಎಂದುಕೊಂಡೆ. ಪಕ್ಕದ ಸಾಲಿನಲ್ಲಿ ಒಬ್ಬ ಮುದುಕ ಬೆರಳಿಟ್ಟು ಓದುತ್ತ, ತುಟಿ ಅಲುಗಿಸುತ್ತ, ಒಂದು ಸಲವೂ ಹೊರಗೆ ನೋಡದೆ ಕೂತಿದ್ದ. ಅವನನ್ನು ನೋಡಿದಾಗೆಲ್ಲ ನಾನು ಒಂದು ಪುಟ ಸುಮ್ಮನೆ ಮಗುಚುತ್ತಿದ್ದೆ.

ನಡುವೆ ವಿಮಾನದಾಕೆ ಬಂದು ಮೆಲ್ಲಗೆ ಕೇಳಿದರು. "ಕಣ್ಣಿಗೆ ಬೆಳಕು ಹೊಡೀತಿದೆಯಾ ತಂಗಿ? ಕಿಟಕಿ ಮುಚ್ಚಲಾ?"

"ಬ್ಯಾಡ್ರಿ," ಎಂದೆ. ಹೊಸಬರೊಡನೆ ಬಾಯಿ ಬಿಡದ ನಾನು ಅದೊಂದು ಮಾತನ್ನು ತಡವರಿಸದೆ ಹೇಳಿದೆ. ಈಗ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಇಳಿಯುವ ಗಂಟೆ ಹೊಡೆದಾಗ ನನ್ನ ಮಡಿಲಲ್ಲಿ ಅರವತ್ತು ಪುಟ ಹಾಗೇ ಇದ್ದವು.

ಸಂಜೆ ಊರೆಲ್ಲ ಚಪ್ಪರದಡಿ ಕೂತಿತ್ತು. ಕಾಶವ್ವ ಎಲ್ಲರಿಗಿಂತ ಮುಂದೆ ಇದ್ದಳು. ನಾನು ನೆಲ ನೋಡುತ್ತ ನಿಂತೆ. ಆಕೆಗೆ ತಡೆಯಲಾಗಲಿಲ್ಲ. "ಕದ ತಗದನೇನ?" ಎಂದಳು.

ತೆಗೆಯಲಿಲ್ಲ ಎಂದೆ. ಏಕೆ ಹಾಗೆಂದೆ ಎಂದು ಬಹಳ ಯೋಚಿಸಿದ್ದೇನೆ. ತೆಗೆದ ಎಂದರೆ, ಆಮೇಲೆ ಏನು ಮಾತಾಡಿದರು, ಏನು ಉಂಡರು ಎಂದು ಕೇಳುತ್ತಾರೆ. ತೆಗೆಯಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತದೆ, ನಾನು ಕೂತುಕೊಳ್ಳಬಹುದು. ಅಷ್ಟೇ. ಆದರೂ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದಕ್ಕೆ ಒಂದು ಮಾತು ಸೇರಿಸಿದೆ. ಅಣ್ಣ ಒಳಗೆ ಚಿಲಕ ಹಿಡಿದುಕೊಂಡೇ ನಿಂತಿದ್ದ, ತಂಗಿಯ ಹೆಜ್ಜೆಯ ಸಪ್ಪಳ ದೂರವಾದ ಮೇಲೆ ಕೈ ತೆಗೆದ ಎಂದೆ.

"ಹಂಗಾದರ ಸರಿ," ಎಂದಳು ಕಾಶವ್ವ. ಬಹಳ ಹೊತ್ತು ಏಳಲಿಲ್ಲ.

ಮರುದಿನ ಆಕೆ ತನ್ನ ಗಂಟು ಬಿಚ್ಚಿ, ಅದರಲ್ಲಿದ್ದ ಕಂಬಳಿಯನ್ನು ತಂದು ನನಗೆ ಹೊದಿಸಿದಳು. ಓದಿ ಬಂದದ್ದಕ್ಕೆ ಉಡುಗೊರೆ ಎಂದಳು. ಅಂಚಿನಲ್ಲಿ ನೀಲಿ ದಾರದ ಕಸೂತಿ ಇತ್ತು. ಅದು ಯಾರಿಗೆಂದು ಹೆಣೆದದ್ದು ಎಂದು ನನಗೆ ಆಗ ಹೊಳೆಯಿತು. ಈ ವರ್ಷದ ಮೊದಲ ದೋಣಿ ಹೋಯಿತು, ಎರಡನೆಯದೂ ಹೋಯಿತು. ಕಾಶವ್ವ ಮತ್ತೆ ಗಂಟು ಕಟ್ಟಲಿಲ್ಲ. ಚಿಕ್ಕ ಮಕ್ಕಳು ಬಾಗಿಲ ಹಿಂದೆ ಚಿಲಕ ಹಿಡಿದು ನಿಂತು ನನ್ನ ಸುಳ್ಳನ್ನು ಆಟವಾಡುತ್ತಿದ್ದವು. ನಾನು ಇಪ್ಪತ್ತು ದಿನ ಸುಮ್ಮನಿದ್ದೆ. ಇಪ್ಪತ್ತೊಂದನೆಯ ದಿನ ಕಂಬಳಿ ಎತ್ತಿಕೊಂಡು, ಆಕೆ ಮಣ್ಣು ತುಳಿಯುತ್ತಿದ್ದಲ್ಲಿಗೆ ಹೋದೆ.

"ಆಯಿ, ಕದದ್ದು ನಾ ಓದಿಲ್ಲ."

"ಯಾವ ಕದ?"

"ರತ್ನಾನ ಕದ. ಕಿಡಕ್ಯಾಗಿಂದ ಹೊರಗ ನೋಡಕೋತ ಕುಂತಬಿಟ್ಟೆ. ಹೊತ್ತು ಹೋದದ್ದು ತಿಳೀಲಿಲ್ಲ."

ಆಕೆ ತುಳಿಯುವುದನ್ನು ನಿಲ್ಲಿಸಿದಳು. ಮಣ್ಣಿನಿಂದ ಹೊರಗೆ ಬಂದು ಕಾಲು ತೊಳೆದಳು, ಮೊಣಕೈವರೆಗೆ ಕೈ ತೊಳೆದಳು.

"ಚಿಲಕ ಹಿಡಕೊಂಡು ನಿಂತಿದ್ದ ಅಂದೆಲ್ಲ. ಅದೂ ನಿಂದೇ ಏನ?"

"ನಂದೇ."

"ಛಲೋ ಹೇಳಿದ್ದೆವ್ವಾ. ಅದಕ್ಕೇ ನನಗ ಸಿಟ್ಟು. ಕೆಟ್ಟದಾಗಿ ಹೇಳಿದ್ದರ ನಾ ನಂಬತಿದ್ದಿಲ್ಲ."

ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಕೈಯಿಂದ ಕಂಬಳಿಯನ್ನು ತೆಗೆದುಕೊಂಡು ಮನೆಯೊಳಗೆ ಹೋದಳು. ಮುಂದಿನ ಪಾಳಿಗೆ ಹನ್ನೊಂದು ವರ್ಷ ಇದೆ ಎಂದು ಆಕೆಗೂ ಗೊತ್ತಿತ್ತು. ಆ ಮಧ್ಯಾಹ್ನವೇ ಗಂಟು ಹಿಡಿದು ದೋಣಿಕಟ್ಟೆಗೆ ಇಳಿದಳು. ಉಬ್ಬಸದಿಂದ ಮೂರು ಕಡೆ ಕೂತು ಎದ್ದಳು. ನಾನು ಹಿಂದೆ ಹಿಂದೆ ಹೋದೆ, ಹತ್ತಿರ ಹೋಗಲಿಲ್ಲ.

"ಏನ ಆಯಿ, ಕೈ ಎತ್ತಾಕ ಹೊಂಟಿಯೇನ?" ಎಂದ ದುರ್ಗಪ್ಪ.

"ನೀ ಸುಮ್ನ ಹುಟ್ಟು ಹಾಕು," ಎಂದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಊರ ಮುಂದೆ ನಿಂತು ನಿಜ ಹೇಳಿದ್ದೇನೆ. ಪಾಳಿಯ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಿರಿ ಎಂದು ನಾನೇ ಕೇಳಿಕೊಂಡೆ. ತೆಗೆದರು.

ನಿಮ್ಮ ಕಾಲದಲ್ಲಿ ವಿಮಾನದಲ್ಲಿ ಓದುವುದು ಹೊತ್ತು ಕಳೆಯುವುದಕ್ಕಂತೆ. ನಾಲ್ಕು ಪುಟ ಓದಿ ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗುತ್ತಿದ್ದಿರಂತೆ, ಮುಂದಿನ ಸೀಟಿನ ಚೀಲದಲ್ಲಿ ಮರೆತು ಇಳಿದುಬಿಡುತ್ತಿದ್ದಿರಂತೆ. ಅದಕ್ಕೆ ನಿಮ್ಮನ್ನು ಹಳಿಯುವ ಯೋಗ್ಯತೆ ನನಗಿಲ್ಲ. ನಮಗೆ ಉಳಿದು ಬಂದಿರುವ ಪುಸ್ತಕಗಳಲ್ಲಿ ಹೆಚ್ಚಿನವು ಹಾಗೆ ಮರೆತವೇ ಎಂದು ವಿಮಾನದಾಕೆ ಹೇಳಿದರು. ನಿಮ್ಮ ಮರೆವಿನಿಂದ ನಮಗೆ ಪುಸ್ತಕ ಸಿಕ್ಕಿತು. ಕೈಗೆ ಕೊಟ್ಟರೂ ಓದದೆ ಬಂದವಳು ನಾನು. ಒಂದೇ ಬೇಡಿಕೆ. ಮರೆಯುವುದಾದರೆ ಓದಿ ಮುಗಿಸಿ ಮರೆಯಿರಿ, ಮುಗಿಸಿದ್ದನ್ನು ನೆಲದ ಮೇಲಿರುವ ಒಬ್ಬರಿಗಾದರೂ ಇದ್ದದ್ದು ಇದ್ದ ಹಾಗೆ ಹೇಳಿ.

ಕೆಳದಿಬ್ಬಕ್ಕೆ ಹೋಗಲು ಮೂರು ದಿನ, ಬರಲು ಮೂರು ದಿನ. ಇಂದಿಗೆ ಹನ್ನೊಂದು ದಿನವಾಯಿತು. ದುರ್ಗಪ್ಪನೂ ಬಂದಿಲ್ಲ, ಕಾಶವ್ವನೂ ಬಂದಿಲ್ಲ. ನೀಲವ್ವ ಕದ ತೆಗೆದಿದ್ದಾಳೆ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಮರಳುತ್ತಿದ್ದರು ಎಂದು ದಿಬ್ಬದವರು ಹೇಳುತ್ತಾರೆ. ಹೊಳೆ ಏರಿದೆ ಎಂದೂ ಕೆಲವರು ಹೇಳುತ್ತಾರೆ. ನೀನೇನು ಹೇಳುತ್ತೀ ಹೊಳೆವ್ವಾ ಎಂದು ನನ್ನನ್ನೂ ಕೇಳಿದರು. ನಾನು ನೋಡಿಲ್ಲ, ನನಗೆ ಗೊತ್ತಿಲ್ಲ ಎಂದೆ.