ಗಳದ ಮೇಲಿನ ಮಡಿ ಸೀರೆ

ಅತ್ತೆ,

ಹೊಸಪೇಟೆಯಲ್ಲಿ ದೀಪಾವಳಿ ಸಂತೆ ಶುರುವಾಗಿದೆ, ಜನ ಮಾಸ್ಕ್ ಹಾಕಿಕೊಂಡೇ ಓಡಾಡುತ್ತಿದ್ದಾರೆ. ನಮಗೆ ಈ ವರ್ಷ ಹಬ್ಬವಿಲ್ಲ. ಆದರೂ ಮನೆ ಗುಡಿಸಲು ನಿಂತೆ. ನವರಾತ್ರಿಯಲ್ಲಿ ನೀವು ಸೂರಿಗೆ ಕಟ್ಟಿದ ಬಿದಿರಿನ ಗಳದ ಮೇಲೆ ಒಣಹಾಕಿದ ಮಡಿ ಸೀರೆ ಇನ್ನೂ ಹಾಗೇ ಇದೆ. ಯಾರೂ ಮುಟ್ಟಿಲ್ಲ.

ಆಗ ನೀವು ದೇವರ ಮನೆಯಿಂದ ಹೊರಗೇ ಬರಲಿಲ್ಲ. ಮೊಮ್ಮಗಳು ಶ್ರೀಲಕ್ಷ್ಮೀ ತೊಡೆ ಏರಲು ಓಡಿ ಬಂದರೆ, "ಮುಟ್ಟಬ್ಯಾಡ ಪುಟ್ಟಿ, ಮಡೀಲಿದ್ದೀನಿ, ದೂರ ಸರಿ" ಎಂದಿರಿ. ಹಾಲು, ಹಣ್ಣನ್ನೂ ಹೊಸ್ತಿಲಲ್ಲೇ ಇಡಿಸಿಕೊಂಡಿರಿ. ಊರಿಗೆಲ್ಲ ಕೊರೊನಾ ಬಂದರೂ ಇವರ ಮಡಿ ಬಿಡಲಿಲ್ಲ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದೆ. ಜ್ವರ ಬಂದಿದೆ ಎಂದು ನನಗಾದರೂ ಹೇಳಬಾರದಿತ್ತೇ?

ಆಸ್ಪತ್ರೆಯಿಂದ ನಿಮ್ಮನ್ನು ಕೊನೆಯ ಸಲವೂ ಮನೆಗೆ ತರಲು ಬಿಡಲಿಲ್ಲ. ಮಗುವಿಗೆ ನಾವು ಇನ್ನೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಸೀರೆ ಇಳಿಸಲು ಕೋಲೆತ್ತಿದೆ. ಶ್ರೀಲಕ್ಷ್ಮೀ ಬಂದು ಅಡ್ಡ ನಿಂತಳು.

"ನಿಂದಿನ್ನೂ ಸ್ನಾನ ಆಗಿಲ್ಲಮ್ಮ. ನೀ ಮುಟ್ಟಿದ್ರ ಅಜ್ಜಿ ಬಂದು ಮತ್ತ ಒಗೀಬೇಕಾಗ್ತದ."

ಕೋಲನ್ನು ಗೋಡೆಗೆ ಒರಗಿಸಿ ಸ್ನಾನಕ್ಕೆ ಹೋದೆ.

ನಿಮ್ಮ ಸೊಸೆ,
ಮಾಧವಿ