ಭಾವನ ತುರ್ತು ವಿಳಾಸ

ಮಾರ್ಚ್ ೧೧, ಬುಧವಾರ

ಭಾವ ಇವತ್ತೂ ಫೋನಿಗೆ ಬರಲಿಲ್ಲ.

ಜನ ತಾವು ಬರೆದ ಕಂಪ್ಯೂಟರ್ ಕೋಡ್ ಇಟ್ಟುಕೊಳ್ಳುವ ಜಾಲತಾಣವೊಂದನ್ನು ಬಿಡಿಗಾಸಿಲ್ಲದೆ ಕಟ್ಟಿದ್ದು ಭಾವ, ನಾನು ಇಬ್ಬರೇ. ಜಗಳವಾದ ಮೇಲೆ ನಾನು ಅದರದೇ ನಕಲು ಹೊತ್ತು ಹೋಗಿ ಬೇರೆ ತಾಣ ಹೂಡಿದೆ. ಬೇರು ಒಂದೇ ಆದ್ದರಿಂದ, ಹೋದ ವಾರ ನಮ್ಮ ತಾಣದಲ್ಲಿ ಸಿಕ್ಕ ತೂತು ಭಾವನ ತಾಣದಲ್ಲೂ ಇದೆ. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಒಳನುಗ್ಗಬಹುದು. ನಮ್ಮದನ್ನು ಮುಚ್ಚಿದೆವು. "ಅವರು ಮುಳುಗ್ಲಿ ಬಿಡು," ಅಂದರು ನನ್ನ ಜೊತೆ ಕೆಲಸ ಮಾಡುವವರು. ಮನಸ್ಸು ಒಪ್ಪದೆ ಸೋಮವಾರ, ಇಂಥ ಸುದ್ದಿಗೆಂದೇ ಇರುವ ಅವರ ತುರ್ತು ಮೇಲ್ ವಿಳಾಸಕ್ಕೆ ಬರೆದೆ. ಉತ್ತರವಿಲ್ಲ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಹಿಂದೆ ಭಾವನ ಗೊಣಗಾಟ ಕೇಳುತ್ತಿತ್ತು.

"ಇದು ನೀನು ನಮ್ಮ ತಾಣದ ಜನಾನ ಹೆದರಿಸಿ ನಿನ್ನ ಕಡೆ ಎಳ್ಕೊಳ್ಳೋ ನಾಟಕ ಅಂತೆ ಕಣೋ. ಏನಿದ್ರೂ ಆ ವಿಳಾಸಕ್ಕೇ ಬರೀಬೇಕಂತೆ. ಹಗಲೂ ರಾತ್ರಿ ನೋಡೋರಿದಾರಂತೆ." ಆಮೇಲೆ ದನಿ ತಗ್ಗಿಸಿದಳು. "ಊಟ ಆಯ್ತಾ?"

ಊಟ ಸೇರಲಿಲ್ಲ. ಹೆಗ್ಗಣ ಹೊಕ್ಕ ಮನೆಯವರು ಮುಂಬಾಗಿಲ ಬೀಗ ತೋರಿಸುತ್ತಾರೆ!

ಭಾವನ ಜೊತೆ ಇರುವ ಬೇರೆ ಯಾರದಾದರೂ ವಿಳಾಸ ಸಿಕ್ಕೀತೆಂದು, ಜಗಳದ ದಿನದಿಂದ ಮುಟ್ಟದ ನನ್ನ ಹಳೆಯ ಮೇಲ್ ತೆರೆದೆ. ಎಲ್ಲಕ್ಕಿಂತ ಮೇಲೆ ಸೋಮವಾರದ ನನ್ನ ಪತ್ರವೇ ಕೂತಿತ್ತು. ಆ ತುರ್ತು ವಿಳಾಸಕ್ಕೆ ಬಂದದ್ದೆಲ್ಲ ನನ್ನ ಈ ಮೇಲ್‌ಗೆ ಮಾತ್ರ ತಲುಪುವಂತೆ ಮೊದಲ ದಿನಗಳಲ್ಲಿ ಮಾಡಿಟ್ಟವನು ನಾನೇ. ಭಾವ ನನ್ನನ್ನು ಎಲ್ಲ ಕಡೆಯಿಂದ ಕಿತ್ತುಹಾಕಿದರು, ಇದೊಂದನ್ನು ಮರೆತರು.

ಅದರ ಕೆಳಗೆ ಗುರುತಿಲ್ಲದವರ ಮೂರು ಪತ್ರಗಳು. ಅದೇ ತೂತಿನ ಸುದ್ದಿ. ಮೊದಲನೆಯದು ಹೋದ ಚಳಿಗಾಲದ್ದು. ಒಂದನ್ನೂ ಯಾರೂ ತೆರೆದಿಲ್ಲ.

ಭಾವ ಹೇಳುವ ಆ ‘ಹಗಲೂ ರಾತ್ರಿ ನೋಡೋರು’ ನಾನೊಬ್ಬನೇ. ಈಗ ಹೇಳಿದರೆ, ಇಷ್ಟು ದಿನ ಬಚ್ಚಿಟ್ಟವನೂ ನಾನೇ ಅನ್ನುತ್ತಾರೆ. ಭಾವ ಅನ್ನಲಿ. ಅಕ್ಕನೂ ಹಾಗೇ ಅಂದುಬಿಟ್ಟರೆ?